ಪುಟದ ಹಿಂಬದಿ

ಬ್ರೌಸರಿನಲ್ಲಿ ಯಾವುದಾದರೂ ಪುಟ ತೆರೆದು ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ‘ವ್ಯೂ ಸೋರ್ಸ್’ ಎಂಬ ಸಾಲೊಂದು ಕಾಣುತ್ತದೆ. ಬಹುಪಾಲು ಜನ ಅದನ್ನು ಜೀವಮಾನದಲ್ಲಿ ಒಮ್ಮೆಯೂ ಒತ್ತುವುದಿಲ್ಲ. ಕೈತಪ್ಪಿ ಒತ್ತಿದವರು ಗಾಬರಿಯಿಂದ ಮುಚ್ಚಿಬಿಡುತ್ತಾರೆ. ಆದರೆ ವೆಬ್ ವಿನ್ಯಾಸ ಎಂಬ ಕಸುಬಿನ ಚರಿತ್ರೆ ಬರೆಯಹೊರಟವರು ಆ ಸಾಲಿನಿಂದಲೇ ಶುರುಮಾಡಬೇಕು ಎನ್ನುವುದು ನನ್ನ ನಂಬಿಕೆ.

‘ಡಿಸೈನರುಗಳಿಗೆ ಉಪಯುಕ್ತ ಸಲಕರಣೆಗಳು’, ‘ಕೇಳಲೇಬೇಕಾದ ಪಾಡ್‌ಕಾಸ್ಟುಗಳು’ ಎಂಬ ಪಟ್ಟಿಗಳು ಈ ಕಸುಬಿನ ಜೊತೆಯಲ್ಲೇ ಹುಟ್ಟಿ ಬೆಳೆದವು. ಹತ್ತು ಹದಿನೈದು ವರ್ಷ ಹಳೆಯ ಅಂಥದೊಂದು ಪಟ್ಟಿ ಸಿಕ್ಕಿದರೆ ಓದಿ ನೋಡಿ. ಎಷ್ಟೋ ಕೊಂಡಿಗಳು ಸತ್ತಿರುತ್ತವೆ, ಹೊಗಳಿಸಿಕೊಂಡ ತಂತ್ರಾಂಶಗಳು ಅಂಗಡಿ ಮುಚ್ಚಿರುತ್ತವೆ. ಕೆಲಸಕ್ಕೆ ಬಾರದ ಆ ಪಟ್ಟಿ ಚರಿತ್ರೆಗೆ ಮಾತ್ರ ಒಳ್ಳೆಯ ದಾಖಲೆ. ಒಂದು ಕಾಲದ ಕಸುಬುದಾರರಿಗೆ ಏನು ತಿಳಿದಿರಲಿಲ್ಲ, ಯಾರನ್ನು ಕೇಳಿ ಕಲಿತರು ಎಂಬುದು ಅದರಲ್ಲಿ ಉಳಿದಿರುತ್ತದೆ.

ಟಿಮ್ ಬರ್ನರ್ಸ್ ಲೀ 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊಟ್ಟಮೊದಲ ಬ್ರೌಸರು ಓದುವ ಸಲಕರಣೆಯೂ ಆಗಿತ್ತು, ಬರೆಯುವ ಸಲಕರಣೆಯೂ ಆಗಿತ್ತು. ಓದುವವನೇ ಬರೆಯುವವನೂ ಆಗಿರುತ್ತಾನೆ ಎಂಬುದು ಅವರ ಎಣಿಕೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ತಯಾರಿಸಿದ ಮೊಸಾಯಿಕ್ ಬ್ರೌಸರು ಚಿತ್ರ ಮತ್ತು ಅಕ್ಷರಗಳನ್ನು ಒಂದೇ ಪುಟದಲ್ಲಿ ತೋರಿಸಿ ಮನೆಮಾತಾಯಿತು. ಮೊಸಾಯಿಕ್‌ನಲ್ಲಿ ಬರೆಯುವ ಸೌಲಭ್ಯ ಇರಲಿಲ್ಲ, ಪುಟದ ಮೂಲವನ್ನು ತೆರೆದು ನೋಡುವ ಸೌಲಭ್ಯ ಮಾತ್ರ ಇತ್ತು. ಬರೆಯುವವನಿಗೆ ಬಾಗಿಲು ಮುಚ್ಚಿದರೂ ಕಿಟಕಿಯೊಂದು ತೆರೆದೇ ಉಳಿಯಿತು.

ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಗಂಟು ಹಾಕದೆ, ಹೋದ ದಾರಿಯಲ್ಲೇ ದಾರ ಮರಳಿ ಬರುವ ಈ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತವೆ. ವೆಬ್ ಪುಟದ ಹಿಂಬದಿ ಅಷ್ಟು ಅಚ್ಚುಕಟ್ಟಾಗಿ ಎಂದೂ ಇರಲಿಲ್ಲ. ತೊಂಬತ್ತರ ದಶಕದ ಪುಟಗಳ ಮೂಲ ತೆರೆದರೆ ಸಿಗುವುದು ಬರೀ ಗಂಟು, ತೇಪೆ. ಪುಟದಲ್ಲಿ ಎರಡು ಕಾಲಂ ಬೇಕೆಂದರೆ ಅಂಕಿಅಂಶದ ಕೋಷ್ಟಕಕ್ಕೆಂದು ಮಾಡಿದ ಸಂಕೇತಗಳನ್ನು ಬಳಸಿ ಗೆರೆಗಳನ್ನು ಕಾಣದಂತೆ ಮಾಡಬೇಕಿತ್ತು. ನಡುವೆ ಜಾಗ ಬಿಡಬೇಕೆಂದರೆ ಒಂದೇ ಚುಕ್ಕೆಯಷ್ಟು ಗಾತ್ರದ ಪಾರದರ್ಶಕ ಚಿತ್ರವನ್ನು ಹಿಗ್ಗಿಸಿ ತುರುಕಬೇಕಿತ್ತು. ಡೇವಿಡ್ ಸೀಗಲ್ 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಉಪಾಯ ಊರೆಲ್ಲ ಹಬ್ಬಿತು. ಬಣ್ಣಗಳದ್ದು ಇನ್ನೊಂದು ತಾಪತ್ರಯ. ಆಗಿನ ಸಾಧಾರಣ ಕಂಪ್ಯೂಟರ್ ಪರದೆ ಒಮ್ಮೆಗೆ ತೋರಿಸಬಲ್ಲದ್ದು 256 ಬಣ್ಣ. ಎಲ್ಲ ಯಂತ್ರಗಳಲ್ಲೂ ಒಂದೇ ಥರ ಕಾಣುವಂಥವು ಕೆಂಪು, ಹಸಿರು, ನೀಲಿಗಳ ಆರಾರು ಮಟ್ಟಗಳನ್ನು ಗುಣಿಸಿದರೆ ಬರುವ 216 ಮಾತ್ರ. ಈ ಬಣ್ಣಗಳ ಪಟ್ಟಿಯನ್ನು ಜನಪ್ರಿಯಗೊಳಿಸಿದವರು ಲಿಂಡಾ ವೈನ್‌ಮನ್ ಎಂಬ ಶಿಕ್ಷಕಿ. ಡಿಸೈನರುಗಳ ಪಾಲಿಗೆ ಅದು ಪಂಚಾಂಗದಷ್ಟು ಅಗತ್ಯದ್ದಾಗಿತ್ತು.

ಈ ಕೆಲಸಕ್ಕೆ ಆಗ ಗುರುವೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಚೆಂದದ ಪುಟ ಕಂಡರೆ ಅದರ ಮೂಲ ತೆರೆಯುವುದು, ನಕಲು ಮಾಡಿಕೊಳ್ಳುವುದು, ಒಂದೊಂದೇ ಸಾಲು ಬದಲಿಸಿ ಏನಾಗುತ್ತದೆಂದು ನೋಡುವುದು, ಇದೇ ಪಾಠ. ಓಲೆಗರಿ ಪ್ರತಿಕಾರರ ನೆನಪಾಗುತ್ತದೆ. ಅವರಂತೆ ಇವರೂ ಪಠ್ಯದ ಜೊತೆಗೆ ಅದರ ತಪ್ಪುಗಳನ್ನೂ ನಿಷ್ಠೆಯಿಂದ ನಕಲು ಮಾಡಿದರು. ಕೋಷ್ಟಕದೊಳಗೆ ಕೋಷ್ಟಕ ಹೊಲಿಯುವ ಚಾಳಿ ಅಷ್ಟು ವರ್ಷ ಉಳಿದದ್ದು ಹೀಗೆ.

ಮದ್ದು ಕೈಗೆಟುಕುವಲ್ಲೇ ಇತ್ತು. ಹೋಕನ್ ವಿಯುಮ್ ಲೀ ಎಂಬ ನಾರ್ವೆಯ ತರುಣ 1994ರಲ್ಲೇ, ಪಠ್ಯ ಬೇರೆ, ಅದರ ಉಡುಪು ಬೇರೆ ಎಂಬ ತತ್ವದ ಮೇಲೆ ಸಿಎಸ್‌ಎಸ್ ಎಂಬ ವ್ಯವಸ್ಥೆಯ ಪ್ರಸ್ತಾವ ಮುಂದಿಟ್ಟಿದ್ದರು. 1996ರ ಕೊನೆಗೆ ಅದು ಅಧಿಕೃತ ಶಿಫಾರಸೂ ಆಯಿತು. ಆದರೆ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಜಗಳದಲ್ಲಿ ಎರಡೂ ಬ್ರೌಸರುಗಳು ಅದನ್ನು ತಮಗೆ ತೋಚಿದಂತೆ ಅರ್ಥಮಾಡಿಕೊಂಡವು. ಡಿಸೈನರುಗಳ ಮನಸ್ಸು ಒಲಿದದ್ದು ವಾದದಿಂದಲ್ಲ, ಒಂದು ಪ್ರದರ್ಶನದಿಂದ. 2003ರ ಮೇ ತಿಂಗಳಲ್ಲಿ ಕೆನಡಾದ ಡೇವ್ ಶೇ ‘ಸಿಎಸ್‌ಎಸ್ ಝೆನ್ ಗಾರ್ಡನ್’ ಎಂಬ ತಾಣ ತೆರೆದರು. ಪಠ್ಯದ ಕಡತ ಒಂದೇ, ಅದರ ಒಂದಕ್ಷರ ಮುಟ್ಟುವಂತಿಲ್ಲ, ಉಡುಪಿನ ಕಡತ ಮಾತ್ರ ಯಾರು ಬೇಕಾದರೂ ಬರೆದು ಕಳಿಸಬಹುದು. ಅದೇ ಪಠ್ಯ ಒಮ್ಮೆ ಹಳೆಯ ಪೋಸ್ಟರಿನಂತೆ, ಒಮ್ಮೆ ತೋಟದಂತೆ, ಒಮ್ಮೆ ಸಮುದ್ರದ ತಳದಂತೆ ಕಂಡಿತು. ಒಂದೇ ಸಾಹಿತ್ಯವನ್ನು ಬೇರೆ ಬೇರೆ ರಾಗದಲ್ಲಿ ಹಾಡಿ ತೋರಿಸಿದ ಹಾಗೆ. ಕೋಷ್ಟಕದ ಪಕ್ಷದವರು ಅಂದಿನಿಂದ ಮೆತ್ತಗಾದರು. 2006ರಲ್ಲಿ ಜೋ ಹೆವಿಟ್ ಬರೆದ ಫೈರ್‌ಬಗ್ ಬಂದ ಮೇಲೆ ಪುಟದ ಯಾವ ಭಾಗವನ್ನು ಮುಟ್ಟಿದರೂ ಅದರ ಮೂಲ ಅಲ್ಲೇ ತೆರೆದುಕೊಳ್ಳುವಂತಾಯಿತು, ಅಲ್ಲೇ ತಿದ್ದಿ ನೋಡುವಂತಾಯಿತು. ಇಂದು ಪ್ರತಿ ಬ್ರೌಸರಿನಲ್ಲೂ ಇರುವ ಡೆವಲಪರ್ ಸಲಕರಣೆಗಳು ಅದರ ವಂಶದವು.

ಇಷ್ಟೆಲ್ಲ ಕಣ್ಣಿನ ಕಸುಬು. ಇದಕ್ಕೆ ಪಾಡ್‌ಕಾಸ್ಟ್ ಏಕೆ ಬೇಕಾಯಿತು? ಬಣ್ಣ, ಅಕ್ಷರ, ಅಂಚುಗಳ ಕೆಲಸವನ್ನು ಕಿವಿಯಲ್ಲಿ ಕೇಳಿ ಕಲಿಯುವುದೆಂದರೆ ಅಡುಗೆಯನ್ನು ರೇಡಿಯೋದಲ್ಲಿ ಉಂಡಂತೆ ಎಂದು ತಮಾಷೆ ಮಾಡಬಹುದು. ತಂತ್ರದ ದೃಷ್ಟಿಯಿಂದ ಪಾಡ್‌ಕಾಸ್ಟ್ ಬಲು ಸರಳ. ಡೇವ್ ವೈನರ್ 2000ದ ಕೊನೆಯಲ್ಲಿ ಆರ್‌ಎಸ್‌ಎಸ್ ಎಂಬ ಸುದ್ದಿಪಟ್ಟಿಯ ನಮೂನೆಗೆ ಧ್ವನಿಕಡತವನ್ನು ಲಗತ್ತಿಸುವ ಒಂದು ಸಂಕೇತ ಸೇರಿಸಿದರು. 2004ರ ಫೆಬ್ರವರಿಯಲ್ಲಿ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ, ಹೆಸರೇನಿಡಬಹುದು ಎಂದು ಯೋಚಿಸುತ್ತ ಎಸೆದ ಪದಗಳಲ್ಲಿ ‘ಪಾಡ್‌ಕಾಸ್ಟಿಂಗ್’ ಒಂದು. 2005ರ ಜೂನಿನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ನಲ್ಲಿ ಅದಕ್ಕೆ ಜಾಗ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಪಾಲ್ ಬೋಗ್ ‘ಬೋಗ್‌ವರ್ಲ್ಡ್’ ಶುರುಮಾಡಿದರು.

ಆ ಮಾತುಕತೆಯಲ್ಲಿ ಕೋಡ್‌ಗಿಂತ ಹೆಚ್ಚು ಜಾಗ ಪಡೆದದ್ದು ಗಿರಾಕಿಗಳು. ಹಣ ಯಾವಾಗ ಕೇಳಬೇಕು, ಲೋಗೋ ಇನ್ನೂ ದೊಡ್ಡದು ಮಾಡಿ ಎನ್ನುವವರಿಗೆ ಏನು ಉತ್ತರ ಕೊಡಬೇಕು, ಕಣ್ಣು ಕಾಣದವರು ಪುಟವನ್ನು ಹೇಗೆ ಓದುತ್ತಾರೆ, ಇಂಥವು. ಪುಟದ ಮೂಲ ತೆರೆದರೆ ಒಂದು ಕೆಲಸವನ್ನು ಹೇಗೆ ಮಾಡಿದರೆಂದು ತಿಳಿಯುತ್ತದೆ. ಏಕೆ ಹಾಗೆ ಮಾಡಿದರು, ಏನನ್ನು ಮಾಡಿ ಕೈಬಿಟ್ಟರು, ಯಾರ ಒತ್ತಾಯಕ್ಕೆ ಬಾಗಿದರು ಎಂಬುದು ಅಲ್ಲಿ ಬರೆದಿರುವುದಿಲ್ಲ. ಕಸುಬಿನ ಈ ಅರ್ಧ ಯಾವಾಗಲೂ ಬಾಯಿಮಾತಿನಲ್ಲೇ ದಾಟುವಂಥದ್ದು. ಬಡಗಿಯ ಜೊತೆ ಕೂತ ಹುಡುಗ ಉಳಿ ಹಿಡಿಯುವುದರ ಜೊತೆಗೆ ಗಿರಾಕಿಯ ಜೊತೆ ಮಾತಾಡುವುದನ್ನೂ ಕಲಿಯುತ್ತಾನೆ. ಒಂಟಿಯಾಗಿ ಪರದೆಯ ಮುಂದೆ ಕೂತು ಕಲಿತ ಪೀಳಿಗೆಗೆ ಆ ಬಡಗಿಮನೆಯ ಮಾತು ಸಿಕ್ಕಿದ್ದು ಪಾಡ್‌ಕಾಸ್ಟುಗಳಲ್ಲಿ. 2010ರಲ್ಲಿ ಜೆಫ್ರಿ ಝೆಲ್ಡ್‌ಮನ್ ಅವರ ‘ದಿ ಬಿಗ್ ವೆಬ್ ಶೋ’ ಬಂತು. ಕ್ರಿಸ್ ಕೋಯರ್ ಮತ್ತು ಡೇವ್ ರೂಪರ್ಟ್ 2012ರಲ್ಲಿ ಶುರುಮಾಡಿದ್ದಕ್ಕೆ ‘ಶಾಪ್‌ಟಾಕ್’ ಎಂದೇ ಹೆಸರು. ಇಂಗ್ಲಿಷಿನಲ್ಲಿ ಆ ಮಾತಿಗೆ ಒಂದೇ ಕಸುಬಿನವರು ಸೇರಿದಾಗ ಆಡುವ ಮಾತು ಎಂದರ್ಥ.

ಕನ್ನಡದ ಡಿಸೈನರಿಗೆ ಈ ಎರಡೂ ಪಾಠಶಾಲೆಗಳು ಅರ್ಧದಷ್ಟೇ ಒದಗಿದವು. ಪಾಡ್‌ಕಾಸ್ಟಿನ ವಿಷಯ ಹಾಗಿರಲಿ, ಕನ್ನಡದ ಹಳೆಯ ಪುಟವೊಂದರ ಮೂಲ ತೆರೆದರೆ ಕಾಣುತ್ತಿದ್ದದ್ದು ಕನ್ನಡವೇ ಅಲ್ಲ.

ಹಾಗೆಂದು ಕನ್ನಡ ಅಂತರ್ಜಾಲಕ್ಕೆ ತಡವಾಗಿಯೇನೂ ಬರಲಿಲ್ಲ. ಯು.ಬಿ. ಪವನಜರ ‘ವಿಶ್ವ ಕನ್ನಡ’ ಪತ್ರಿಕೆ ಜಾಲಕ್ಕೆ ಬಂದದ್ದು 1996ರಲ್ಲಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವುಗಳಿಂದ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯತೊಡಗಿದರು. ಆದರೆ ಆಗಿನ ಫಾಂಟುಗಳ ಒಳಗುಟ್ಟು ಬೇರೆ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ನುಡಿಯಲ್ಲಿ ‘ಕನ್ನಡ’ ಎಂದು ಬರೆದ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏನು ಕಾಣುತ್ತದೆ? ಮೊದಲಿಗೆ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆ ಗೆರೆ ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೊಂದು ಗೆರೆ ಹೊತ್ತ ಎ, ನಕಾರದ ಒತ್ತಿನ ಜಾಗದಲ್ಲಿ ಜರ್ಮನರ ಎಸೆಟ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಮೂರಕ್ಷರದ ನಾಡಿನ ಹೆಸರಿಗೆ ಏಳು ಬಾಡಿಗೆದಾರರು. ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವಾಗಿರಲಿಲ್ಲ. ಹುಡುಕಿದರೆ ಸಿಗುತ್ತಿರಲಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಆಗುತ್ತಿರಲಿಲ್ಲ, ಒಂದು ಬಗೆಯ ಫಾಂಟಿನ ಬಾಡಿಗೆದಾರರು ಕೆಲವು ಮನೆಗಳಲ್ಲಿದ್ದರೆ ಇನ್ನೊಂದು ಬಗೆಯವರು ಬೇರೆ ಮನೆಗಳಲ್ಲಿ.

ಓದುಗರ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ? ‘ಅಕ್ಷರ ಕಾಣದಿದ್ದಲ್ಲಿ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಆ ಕಾಲದ ತಾಣಗಳ ಬಾಗಿಲಲ್ಲಿ ರಂಗೋಲಿಯಷ್ಟೇ ಸಾಮಾನ್ಯ. ಇನ್ನೊಂದು ದಾರಿ ಪುಟದ ಜೊತೆಗೇ ಹಾರಿಬರುವ ಡೈನಮಿಕ್ ಫಾಂಟ್. 1997ರಲ್ಲಿ ನೆಟ್‌ಸ್ಕೇಪ್ 4 ಒಂದು ಬಗೆಯದನ್ನು, ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಇನ್ನೊಂದು ಬಗೆಯದನ್ನು ತಂದವು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗದು. ಸಿಟ್ಟು ಬರುವುದು ಮೈಕ್ರೋಸಾಫ್ಟಿನ ನಮೂನೆಯ ಒಂದು ಗುಣ ನೋಡಿದಾಗ. ಅದರದೇ ಸಲಕರಣೆಯಲ್ಲಿ ತಯಾರಾದ ಫಾಂಟ್ ಕಡತವನ್ನು ಒಂದು ನಿರ್ದಿಷ್ಟ ವಿಳಾಸಕ್ಕೆ ಕಟ್ಟಿಹಾಕಲಾಗುತ್ತಿತ್ತು. ಬೇರೆ ವಿಳಾಸದಿಂದ ತೆರೆದರೆ ಅದು ಕೆಲಸ ಮಾಡದು. ಫಾಂಟ್ ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು. ಇನ್ನು ಮೂರನೆಯ ದಾರಿ, ಕನ್ನಡವನ್ನು ಫೋಟೋಶಾಪಿನಲ್ಲಿ ಚಿತ್ರವಾಗಿಸಿ ಅಂಟಿಸಿಬಿಡುವುದು. ಒತ್ತು, ಕಾಗುಣಿತಗಳನ್ನು ಸರಿಯಾಗಿ ಕೂಡಿಸುವುದು ಅಂಥ ವಿನ್ಯಾಸ ತಂತ್ರಾಂಶಗಳಿಗೆ ಬಹುಕಾಲ ಬರುತ್ತಲೇ ಇರಲಿಲ್ಲವಾದ್ದರಿಂದ ಚಿತ್ರದೊಳಗೂ ಬಾಡಿಗೆ ಅಕ್ಷರಗಳೇ.

ಸ್ವಂತ ಮನೆ ಇರಲಿಲ್ಲವೇ? ಇತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ಗೊತ್ತಾಗಿತ್ತು. ಅಲ್ಲಿ ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ, ಒಟ್ಟು ಐದೇ. ಆದರೆ ಆ ಐದನ್ನು ಮೂರಾಗಿ ಕೂಡಿಸಿ ತೋರಿಸುವ ವಿದ್ಯೆ ಜನಬಳಕೆಯ ಯಂತ್ರಗಳಿಗೆ ಬರಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಕನ್ನಡ ಕಲಿತು ಬಂತು. ಆಗಲೂ ಸೆಟ್ಟಿಂಗ್ಸ್ ಹೊಕ್ಕು, ಸಂಕೀರ್ಣ ಲಿಪಿಗಳ ಕಡತ ಬೇಕು ಎಂದು ಗುರುತು ಹಾಕಿ, ವಿಂಡೋಸ್ ಸಿ.ಡಿ.ಯನ್ನು ಮತ್ತೆ ತುರುಕಬೇಕಿತ್ತು. ವಿಂಡೋಸ್ 98ರಲ್ಲೇ ಉಳಿದ ಓದುಗರನ್ನು ನೆನೆದು ಎಷ್ಟೋ ತಾಣಗಳು ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅವರನ್ನು ದೂರಲಾರೆ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ಯೂನಿಕೋಡಿನ ಮೇಲೆಯೇ ನಿಂತಿತು. ಅದರಿಂದ ಬಂದ ಧೈರ್ಯ ಸಣ್ಣದಲ್ಲ.

ಫಾಂಟುಗಳೇ ಪುಟದೊಂದಿಗೆ ಬರುವ ಹಳೆಯ ಕನಸು 2008ರ ಸುಮಾರಿಗೆ ಮತ್ತೆ ಚಿಗುರಿತು. 2010ರಲ್ಲಿ ಗೂಗಲ್ ಫಾಂಟ್ಸ್ ಬಂತು, 2012ರಲ್ಲಿ ವಾಫ್ ಎಂಬ ನಮೂನೆ ಎಲ್ಲ ಬ್ರೌಸರುಗಳಿಗೂ ಒಪ್ಪಿತವಾದ ಮಾನಕವಾಯಿತು. ಇಂದು ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಇವನ್ನೆಲ್ಲ ಎರಡು ಸಾಲಿನ ಕೋಡ್‌ನಲ್ಲಿ ಯಾರು ಬೇಕಾದರೂ ಪುಟಕ್ಕೆ ತರಬಹುದು, ಬಿಡಿಗಾಸು ಕೊಡಬೇಕಿಲ್ಲ. ಆದರೂ ಎಷ್ಟೋ ವಿನ್ಯಾಸಗಳು ಇಂಗ್ಲಿಷಿನ ಅಳತೆಗೇ ಕತ್ತರಿಸಿದವು. ಸಾಲುಗಳ ನಡುವಿನ ಅಂತರ ರೋಮನ್ ಲಿಪಿಗೆ ಸಾಕಾಗುವಷ್ಟೇ ಇಟ್ಟರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಗುಂಡಿಯ ಎತ್ತರ ಕಡಿಮೆಯಾದರೆ ‘ಸ್ತ್ರೀ’ಯ ಕಾಲು ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ ಇಟ್ಯಾಲಿಕ್ ಎಂಬ ಪರಂಪರೆಯೇ ಇಲ್ಲದಿದ್ದರೂ ಬ್ರೌಸರು ಅಕ್ಷರಗಳನ್ನು ಗಾಳಿಗೆ ವಾಲಿದ ತೆಂಗಿನಮರದಂತೆ ಬಾಗಿಸುತ್ತದೆ. ವಿನ್ಯಾಸದ ಕರಡಿಗೆ ಲ್ಯಾಟಿನ್ ಹುಸಿಪಠ್ಯ ತುಂಬುವ ಅಭ್ಯಾಸ ಬಿಟ್ಟು ನಾಲ್ಕು ಸಾಲು ಒತ್ತಕ್ಷರ ತುಂಬಿದ ಕನ್ನಡ ಹಾಕಿ ನೋಡಿದರೆ ಇವೆಲ್ಲ ಮೊದಲ ದಿನವೇ ಕಣ್ಣಿಗೆ ಬೀಳುವಂಥವು. ಒಂದು ಪೈಸೆ ಖರ್ಚಿಲ್ಲದ ಈ ಸಲಕರಣೆಯನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ಕನ್ನಡದ ಜಾಲ ಪತ್ರಿಕೆಗಳ ಮೊದಲ ದಶಕದ ಮೇಲೆ ಕೆಲಸ ಮಾಡುವವರಿಗೆ ಆಕರವೆಂದರೆ ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್. 2001ರಿಂದ ಅದರ ವೇಬ್ಯಾಕ್ ಮಷೀನ್‌ನಲ್ಲಿ ಯಾರು ಬೇಕಾದರೂ ಹಳೆಯ ಪುಟ ತೆರೆಯಬಹುದು. ತೆರೆದರೆ, ಇಂಗ್ಲಿಷಿನ 1999 ಇದ್ದಂತೆ ಇರುತ್ತದೆ. ಕನ್ನಡದ 1999 ಮಾತ್ರ ಪೌಂಡು, ಎಸೆಟ್ಟುಗಳ ಕಿಚಡಿ. ಕತೆ, ಕವಿತೆ, ಅಂದಿನ ವಾಗ್ವಾದಗಳು ಎಲ್ಲ ಅಲ್ಲಿವೆ, ಓದಲು ಬಾರದು. ಡೈನಮಿಕ್ ಫಾಂಟ್ ಕಡತ ಅಕಸ್ಮಾತ್ ಉಳಿದಿದ್ದರೂ ಅದಕ್ಕೆ ಕಟ್ಟಿದ ವಿಳಾಸ ಬೇರೆ, ಆರ್ಕೈವಿನ ವಿಳಾಸ ಬೇರೆ. ಅದನ್ನು ಓದಬಲ್ಲ ಏಕೈಕ ಬ್ರೌಸರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ 2022ರಲ್ಲಿ ನಿವೃತ್ತಿಯಾಯಿತು. ಹಳಗನ್ನಡದ ಶಾಸನ ಓದಬಲ್ಲ ನಾವು ಇಪ್ಪತ್ತೈದು ವರ್ಷದ ಹಿಂದಿನ ಪತ್ರಿಕೆಯ ಮುಂದೆ ತಡವರಿಸುತ್ತೇವೆ.

ಕನ್ನಡದ ಉತ್ಸಾಹಿಗಳು ಬರೆದು ಹಂಚಿದ ಪರಿವರ್ತಕಗಳಿವೆ. ಹಳೆಯ ಪಠ್ಯ ಹಾಕಿದರೆ ಯೂನಿಕೋಡ್ ಬರುತ್ತದೆ. ಆದರೆ ಯಾವ ಫಾಂಟಿನ ಪಠ್ಯ ಎಂದು ಮೊದಲು ಗೊತ್ತಿರಬೇಕು. ನುಡಿಯ ಕೀಲಿಯಿಂದ ಬೇರೊಂದು ಫಾಂಟಿನ ಬೀಗ ತೆರೆಯದು. ಆ ಪುಟ ಕಟ್ಟಿದವರು ಅದನ್ನು ಎಲ್ಲೂ ಹೇಳಿಹೋಗಿಲ್ಲ ಎಂದು ಕೈಚೆಲ್ಲುವ ಮೊದಲು ಬಲಗುಂಡಿ ಒತ್ತಿ ಮೂಲ ತೆರೆದು, ಕಿಚಡಿಯ ಮೇಲುಗಡೆ, ಫಾಂಟಿನ ಹೆಸರು ಸೂಚಿಸುವ ಸಂಕೇತದ ಪಕ್ಕ ಉದ್ಧರಣ ಚಿಹ್ನೆಗಳ ನಡುವೆ ಏನು ಬರೆದಿದೆ ಎಂದು ನೋಡಬೇಕು.