ಜಿಂಗೋ : ಒಂದು ಶಬ್ದದ ಚರಿತ್ರೆ

ಸ್ವದೇಶವನ್ನು ಪ್ರೀತಿಸುವುದು ಮನುಷ್ಯನಿಗೆ ಸಹಜವಾದ ಧರ್ಮ. ಆ ಪ್ರೀತಿಯನ್ನು ಬೀದಿಯಲ್ಲಿ ಮೆರೆಯಿಸುವುದು ಬೇರೆಯೇ ಒಂದು ಪ್ರವೃತ್ತಿ. ಈ ಎರಡನೆಯದಕ್ಕೆ ಆಂಗ್ಲರು ಇಟ್ಟ ಹೆಸರು ‘ಜಿಂಗೋಯಿಸಂ’. ಈ ಶಬ್ದದ ಹುಟ್ಟನ್ನು ವಿಚಾರಿಸಿದರೆ ಅದರ ಅರ್ಥವೂ ತಾನಾಗಿಯೇ ವಿಶದವಾಗುವುದು.

‘ಜಿಂಗೋ’ ಎಂಬುದು 17ನೆಯ ಶತಮಾನದಲ್ಲಿ ಇಂದ್ರಜಾಲದವರು ಕೂಗುತ್ತಿದ್ದ ಅರ್ಥವಿಲ್ಲದ ಮಾತು. ಕ್ರಮೇಣ ಅದು ಹಗುರವಾದ ಒಂದು ಆಣೆಯಾಯಿತು. 1877ರಲ್ಲಿ ರಷ್ಯಕ್ಕೂ ತುರ್ಕಿಗೂ ಯುದ್ಧ ಹತ್ತಿತು. ಮರುವರ್ಷದ ಆದಿಯಲ್ಲಿ ರಷ್ಯದ ಸೇನೆ ಕಾನ್‌ಸ್ಟಾಂಟಿನೋಪಲನ್ನು ಸಮೀಪಿಸಲು, ಲಂಡನ್ನಿನಲ್ಲಿ ಕೋಲಾಹಲವೆದ್ದಿತು. ಆಗ ಜಿ. ಡಬ್ಲ್ಯು. ಹಂಟ್ ರಚಿಸಿ, ಮ್ಯಾಕ್‌ಡರ್ಮಟ್ ಎಂಬ ಗಾಯಕನು ವಿನೋದಶಾಲೆಗಳಲ್ಲಿ ಹಾಡಿದ ಗೀತವೊಂದು ಊರೆಲ್ಲ ಹಬ್ಬಿತು. ಯುದ್ಧ ಬೇಡವೆನ್ನುತ್ತಲೇ ತೋಳು ತಟ್ಟುವ ಅದರ ಪಲ್ಲವಿಯಲ್ಲಿ ಈ ಆಣೆ ಬಂದಿದ್ದಿತು. ಶಾಂತಿಯನ್ನು ಬಯಸಿದ ಗ್ಲಾಡ್‌ಸ್ಟನ್ನರ ಮನೆಯ ಕಿಟಕಿಗಳನ್ನು ಗುಂಪೊಂದು ಒಡೆಯಿತು. ಮಾರ್ಚಿಯಲ್ಲಿ ಹೋಲಿಯೋಕ್ ಎಂಬ ಸುಧಾರಕರು ‘ಡೈಲಿ ನ್ಯೂಸ್’ ಪತ್ರಿಕೆಗೆ ಬರೆದು, ಇಂಥವರನ್ನು ‘ಜಿಂಗೋ’ಗಳೆಂದು ಹಳಿದರು. ಹೀಗೆ ಹಾಡಿನ ಆಣೆ ಹಾಡಿದವರಿಗೇ ಬಿರುದಾಯಿತು.

ಹಾಡಿದವರು ಲಂಡನ್ನಿನಲ್ಲಿಯೇ ಉಳಿದರು. ಅತ್ತ ಪ್ರಧಾನಿ ಡಿಸ್ರೇಲಿಯವರು ಭಾರತದಿಂದ ಸುಮಾರು 7,000 ಸಿಪಾಯಿಗಳನ್ನು ಮಾಲ್ಟಾ ದ್ವೀಪಕ್ಕೆ ಕರೆಯಿಸಿದರು. ಯುದ್ಧವೇನಾದರೂ ಆಗಿದ್ದರೆ, ಆ ಹಾಡನ್ನು ಕೇಳಿಯೇ ಇರದ ಇವರು ಅದರ ಬೆಲೆಯನ್ನು ತೆರಬೇಕಾಗಿದ್ದಿತು. ಅದೃಷ್ಟವಶಾತ್ ಜುಲೈ ತಿಂಗಳ ಬರ್ಲಿನ್ ಸಂಧಾನದಿಂದ ವ್ಯಾಜ್ಯ ಇತ್ಯರ್ಥವಾಯಿತು.

ಹಾಡು ಮರೆಯಿತು, ಹೆಸರು ನಿಂತಿತು. 1900ರಲ್ಲಿ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣದ ಮುತ್ತಿಗೆ 217 ದಿನಗಳ ಮೇಲೆ ಬಿಟ್ಟಿತೆಂಬ ಸುದ್ದಿಗೆ ಲಂಡನ್ ಹುಚ್ಚೆದ್ದು ಕುಣಿಯಿತು. ಮರುವರ್ಷ ಹಾಬ್ಸನ್ನರು ಈ ಮನೋವೃತ್ತಿಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ತಾನು ಅಪಾಯಕ್ಕೆ ಸಿಲುಕದೆ, ಪರರ ಹೋರಾಟವನ್ನು ಕಂಡು ಉಬ್ಬುವ ಪ್ರೇಕ್ಷಕನ ಅಮಲು ಇದೆಂಬುದು ಅವರ ವಿವೇಚನೆ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ನಮ್ಮ ಗಾದೆ ಇಲ್ಲಿ ನೆನಪಾಗದಿರದು. ಆದರೆ ನಾವು ಉತ್ತರಕುಮಾರನಿಗೆ ಅನ್ಯಾಯ ಮಾಡಬಾರದು. ಅವನು ರಥವನ್ನೇರಿ ರಣಾಂಗಣದವರೆಗಾದರೂ ಹೋದನು, ಅಲ್ಲಿ ತನ್ನ ಭಯವನ್ನು ತಾನೇ ಕಂಡನು. ಜಿಂಗೋ ಒಲೆಯ ಮುಂದಿನಿಂದ ಏಳುವುದೇ ಇಲ್ಲ. ರಥಕ್ಕೆ ಪರರ ಮಕ್ಕಳನ್ನು ಹತ್ತಿಸುತ್ತಾನೆ.

ನಿಜವಾದ ದೇಶಾಭಿಮಾನಿಯನ್ನು ಹೀಗಳೆಯಲು ಈ ಶಬ್ದವನ್ನು ಬಳಸುವುದೂ ಉಂಟು, ಅದು ತಪ್ಪು. ಧ್ವನಿಯ ಎತ್ತರವನ್ನು ಅಳೆದು ಪ್ರಯೋಜನವಿಲ್ಲ. ಕೂಗುವವನು ತನ್ನದಾಗಿ ಏನನ್ನು ತೆರಲು ಸಿದ್ಧನೆಂದು ಕೇಳಬೇಕು. ಅಭಿಮಾನಕ್ಕೂ ಆಡಂಬರಕ್ಕೂ ಇರುವ ಅಂತರ ಆ ಉತ್ತರದಲ್ಲಿದೆ.