ಕಣ್ಣು ಪರೀಕ್ಷಿಸುವವರ ಮುಗಿಯದ ಕಲಿಕೆ

ಮೂರು-ನಾಲ್ಕು ದಶಕಗಳ ಹಿಂದೆ ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಂಥ ಊರುಗಳ ಜಗಲಿಗಳ ಮೇಲೆ ಸೋಡಾಬುಡ್ಡಿ ಕನ್ನಡಕದ ಹಿರಿಯರು ಕಾಣಸಿಗುತ್ತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡವರ ಗುರುತೇ ಅದಾಗಿತ್ತು. ಇಂದು ಆ ಕನ್ನಡಕ ಅಪರೂಪ. ಶಸ್ತ್ರಚಿಕಿತ್ಸೆಯ ಕ್ರಮ ಬದಲಾದದ್ದು ಇದಕ್ಕೆ ಕಾರಣ. ಆದರೆ ಈ ಬದಲಾವಣೆಯಿಂದ ಕಣ್ಣು ಪರೀಕ್ಷಿಸುವವರೂ ತಮ್ಮ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಯಿತು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಷ್ಟು ಹಳೆಯದು. ಹಳ್ಳಿಗಾಡಿನವರಿಗೆ ಅದು ದೂರದ ಮಾತು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿ ಶಿಬಿರಗಳ ಮೂಲಕ ಚಿಕಿತ್ಸೆಯನ್ನೇ ಜನರ ಬಳಿಗೆ ಒಯ್ದರು. ಮಬ್ಬಾದ ಮಸೂರವನ್ನು ಇಡಿಯಾಗಿ ತೆಗೆದು, ಅದರ ಬದಲಿಗೆ ದಪ್ಪ ಗಾಜಿನ ಕನ್ನಡಕ ಕೊಡುವುದು ಆ ಕಾಲದ ಕ್ರಮ. ಕನ್ನಡಕದ ಪವರು ಬಹುಮಟ್ಟಿಗೆ ಪ್ಲಸ್ 10. ಸಿದ್ಧ ಕನ್ನಡಕಗಳನ್ನು ಶಿಬಿರದಲ್ಲೇ ಹಂಚುವುದು ಸಾಧ್ಯವಿತ್ತು.

1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂದಿತು. ವೈದ್ಯರು ಸಾಲದ ಕಡೆ ಎರಡು ವರ್ಷ ತರಬೇತಿ ಪಡೆದ ನೇತ್ರ ಸಹಾಯಕರು ದೃಷ್ಟಿ ಪರೀಕ್ಷೆಯ ಹೊಣೆ ಹೊತ್ತರು. 1985ರಲ್ಲಿ ಚೆನ್ನೈನ ಎಲೈಟ್ ಶಾಲೆ ಆಪ್ಟೋಮೆಟ್ರಿಯ ನಾಲ್ಕು ವರ್ಷದ ಪದವಿ ಶಿಕ್ಷಣ ಆರಂಭಿಸಿತು.

ಅಷ್ಟರಲ್ಲಿ ವಿದ್ಯೆಯೇ ಬದಲಾಗತೊಡಗಿತ್ತು. ಕಣ್ಣಿನೊಳಗೆ ಕೃತಕ ಮಸೂರ ಇರಿಸುವ ಕ್ರಮವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ತೋರಿಸಿದ್ದರು. ನಮ್ಮಲ್ಲಿ ಅದು ಸಾಮಾನ್ಯರಿಗೆ ಎಟುಕಿದ್ದು 1990ರ ದಶಕದಿಂದೀಚೆಗೆ. ಇಲ್ಲಿ ಎಲ್ಲರಿಗೂ ಒಂದೇ ಪವರು ನಡೆಯದು. ಶಸ್ತ್ರಚಿಕಿತ್ಸೆಗೆ ಮೊದಲೇ ಕಣ್ಣುಗುಡ್ಡೆಯ ಉದ್ದವನ್ನೂ ಕಾರ್ನಿಯಾದ ಬಾಗನ್ನೂ ಅಳೆದು ಲೆಕ್ಕ ಹಾಕಬೇಕು. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಪವರಿನಲ್ಲಿ ಸುಮಾರು 2.5 ಡಯಾಪ್ಟರ್ ವ್ಯತ್ಯಾಸವಾಗುತ್ತದೆ. ಅಳೆಯುವ ಸಲಕರಣೆಯ ತುದಿಯನ್ನು ಕಣ್ಣಿನ ಮೇಲೆ ತುಸು ಒತ್ತಿ ಹಿಡಿದರೂ ಸಾಕು, ಉದ್ದ ಕಡಿಮೆ ತೋರುತ್ತದೆ. ಅದನ್ನು ನಂಬಿ ಆರಿಸಿದ ಮಸೂರದ ಪವರು ಹೆಚ್ಚಾಗಿ, ದೂರದ ನೋಟ ಮಂಜಾಗುತ್ತದೆ. ಕನ್ನಡಕ ಒಗ್ಗದಿದ್ದರೆ ಬದಲಿಸಬಹುದು, ಕಣ್ಣೊಳಗಿನ ಮಸೂರವನ್ನು ಹಾಗೆ ಬದಲಿಸುವುದು ಸುಲಭವಲ್ಲ.

ಇಂಥ ಕೈಹದ ಸುತ್ತೋಲೆ ಓದಿ ಬರುವುದಿಲ್ಲ. ತಿಳಿದವರ ಪಕ್ಕದಲ್ಲಿ ನಿಂತು, ಮಾಡಿ, ತಿದ್ದಿಸಿಕೊಂಡು ಕಲಿಯಬೇಕು. ತೊಡಕಿರುವುದು ಇಲ್ಲಿಯೇ. ಕಣ್ಣು ನೋಡಲು ಒಬ್ಬರೇ ಇರುವ ಆಸ್ಪತ್ರೆಯಲ್ಲಿ ಆ ಒಬ್ಬರು ಪುನಶ್ಚೇತನ ತರಬೇತಿಗೆ ಹೊರಟರೆ, ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ಹಾಗೆಯೇ ಹಿಂದಿರುಗಬೇಕಾಗುತ್ತದೆ. ತರಬೇತಿಗೆ ಹೋಗದಿದ್ದರೆ ಹಳೆಯ ವಿದ್ಯೆಯಲ್ಲೇ ಹೊಸ ಕೆಲಸ ಸಾಗಿಸಬೇಕಾಗುತ್ತದೆ.

ಇದಕ್ಕೊಂದು ಉತ್ತರ ಕರ್ನಾಟಕದಲ್ಲೇ ಸಿಕ್ಕಿದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರಬಹುದು. ಹುಟ್ಟಿದ ಮೂವತ್ತು ದಿನಗಳೊಳಗೆ ತಪಾಸಣೆ ಆಗಬೇಕು. ಅದನ್ನು ಮಾಡಬಲ್ಲ ತಜ್ಞರು ಬೆರಳೆಣಿಕೆಯಷ್ಟು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆ, ವೈದ್ಯರಲ್ಲದ ತಂತ್ರಜ್ಞರಿಗೆ ಈ ಕೆಲಸ ಕಲಿಸಿತು. ಜಿಲ್ಲೆಗಳ ಶಿಶು ಆರೈಕೆ ಘಟಕಗಳಿಗೆ ಕ್ಯಾಮೆರಾ ಒಯ್ದು ಅವರು ಚಿತ್ರ ತೆಗೆಯುತ್ತಾರೆ, ದೂರದ ತಜ್ಞರು ಅದನ್ನು ನೋಡುತ್ತಾರೆ. ತಂತ್ರಜ್ಞರ ತೀರ್ಮಾನವನ್ನು ತಜ್ಞರ ತೀರ್ಮಾನದೊಡನೆ ಹೋಲಿಸಿ ನೋಡುವುದರಿಂದ ಕೆಲಸದ ನಡುವೆಯೇ ಪಾಠವೂ ನಡೆಯುತ್ತದೆ. ಕಲಿಯಲೆಂದು ಕೆಲಸದ ಜಾಗ ಬಿಡಬೇಕಾಗಿಲ್ಲ.

2021ರಲ್ಲಿ ಸಂಸತ್ತು ಮಾಡಿದ ಕಾಯ್ದೆಯೊಂದು ಆಪ್ಟೋಮೆಟ್ರಿಸ್ಟರನ್ನೂ ಒಳಗೊಂಡಂತೆ ಅನೇಕ ಆರೋಗ್ಯ ವೃತ್ತಿಗಳನ್ನು ನೋಂದಣಿಯ ಚೌಕಟ್ಟಿಗೆ ತಂದಿತು. ಮುಂದುವರಿದ ವೃತ್ತಿ ಶಿಕ್ಷಣವೂ ಅದರ ಆಯೋಗದ ಹೊಣೆಗಳಲ್ಲಿ ಸೇರಿದೆ. ಆ ಹೊಣೆ ನಗರದ ಸಭಾಂಗಣಗಳ ಉಪನ್ಯಾಸ ಮತ್ತು ಹಾಜರಿ ಪತ್ರಗಳಿಗೆ ಮುಗಿದರೆ ಹಳ್ಳಿಗಳಿಗೆ ಪ್ರಯೋಜನ ಕಡಿಮೆ. ಉಮ್ಮತ್ತೂರಿನ ಹಿರಿಯರ ಕಣ್ಣನ್ನು ಮೊದಲು ಅಳೆಯುವ ಕೈಗೆ ಪಾಠ ತಲುಪಬೇಕು. ತಪ್ಪಿದ ಅಳತೆಯ ಬೆಲೆ ತೆರುವವರು ಅವರೇ.