ಮರ ಕೊಳೆಸುವ ಶಿಲೀಂಧ್ರ ಇಲ್ಲದಿದ್ದರಿಂದಲೇ ಕಲ್ಲಿದ್ದಲು ಆಯಿತೇ?

‘ಹಿಂದೆ ಮರದ ಲಿಗ್ನಿನ್ ಕೊಳೆಸುವ ಶಿಲೀಂಧ್ರಗಳೇ ಇರಲಿಲ್ಲ, ಅದಕ್ಕೇ ಕಲ್ಲಿದ್ದಲು ಆಯಿತು, ಇನ್ನು ಮುಂದೆ ಆಗುವುದೇ ಇಲ್ಲ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು?

ನಿಜ ಏನು: ಮರಕ್ಕೆ ಗಟ್ಟಿತನ ಕೊಡುವ ವಸ್ತು ಲಿಗ್ನಿನ್. ಆರು ಇಂಗಾಲದ ಪರಮಾಣುಗಳ ಉಂಗುರಗಳು ಸೇರಿ ಇದರ ಅಣು ಆಗಿದೆ. ಜೌಗಿನಲ್ಲಿ ಬಿದ್ದ ಮರದ ಸೆಲ್ಯುಲೋಸ್ ಬೇಗ ಕೊಳೆಯುತ್ತದೆ, ಲಿಗ್ನಿನ್ ಹೆಚ್ಚು ಉಳಿಯುತ್ತದೆ. ನೆಲದಡಿಯ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಅದರ ಆಮ್ಲಜನಕ, ಜಲಜನಕ ಕಡಿಮೆಯಾಗುತ್ತವೆ. ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ಕಲ್ಲಿದ್ದಲಾಗುತ್ತದೆ.

ತಪ್ಪು ಏನು: ಕಾರ್ಬಾನಿಫೆರಸ್ ಯುಗ ಸುಮಾರು 30 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಕಲ್ಲಿದ್ದಲು ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ದಾಮೋದರ ಕಣಿವೆಯ ಕಲ್ಲಿದ್ದಲು ಅದರ ನಂತರದ್ದು. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಇನ್ನೂ ಎಷ್ಟೋ ಈಚಿನದು. ಕಾರ್ಬಾನಿಫೆರಸ್ ಕಲ್ಲಿದ್ದಲಿನ ಬಹುಪಾಲು ಕೊಟ್ಟ ಮರಗಳ ದಪ್ಪ ತೊಗಟೆಯಲ್ಲಿ ಲಿಗ್ನಿನ್ ಕಡಿಮೆಯಿತ್ತು ಎಂದು 2016ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ತೇವದ ಹವೆ, ಕುಸಿಯುತ್ತಾ ಹೋದ ತಗ್ಗು ನೆಲ, ಇವೇ ಮುಖ್ಯ ಕಾರಣ ಎನ್ನುತ್ತದೆ ಅದು.

ಕಲ್ಲಿದ್ದಲಿನ ಮೊದಲ ಹಂತವಾದ ಪೀಟ್ ಇಂದಿಗೂ ಇಂಡೊನೇಷ್ಯಾದ ಜೌಗುಗಳಲ್ಲಿ ಆಗುತ್ತಿದೆ. ಆದರೆ ಅದು ಕಲ್ಲಿದ್ದಲಾಗಲು ಕೋಟ್ಯಂತರ ವರ್ಷ ಬೇಕು. ಸುಟ್ಟ ಕಲ್ಲಿದ್ದಲು ನಮ್ಮ ಕಾಲಕ್ಕೆ ಮರಳುವುದಿಲ್ಲ ಎಂಬುದು ಸರಿ. ಅದಕ್ಕೆ ಕಾರಣ ಮಾತ್ರ ಶಿಲೀಂಧ್ರವಲ್ಲ, ಕಾಲ.